ಫಿಟ್ಸ್ ಇಂಜೆಕ್ಷನ್ ಮತ್ತು ಗೋಡೆ ಗಡಿಯಾರ: ನನ್ನ ಅನುಭವ

ಮಾವಿನ ಸುಗ್ಗಿ ಬಂತೆಂದರೆ ಶ್ರೀನಿವಾಸಪುರದ ಮಂಡಿ ಕಡೆ ರಾತ್ರಿಯೂ ಕೆಲಸ. ಲೋಡಿಂಗ್ ಹುಡುಗರಿಗೆ ನಿದ್ದೆ ಇರುವುದಿಲ್ಲ. ಫಿಟ್ಸ್ ಮಾತ್ರೆ ನುಂಗುವವರಿದ್ದರೆ ಅದೂ ತಪ್ಪಿಹೋಗುತ್ತದೆ. ಅಂಥ ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ನಾನು ನರ್ಸ್ ಆಗಿರುವ ಆಸ್ಪತ್ರೆಗೆ ಆಟೋದಲ್ಲಿ ಒಬ್ಬ ಹುಡುಗನನ್ನು ಎತ್ತಿಕೊಂಡು ಬಂದರು. ಕೈಕಾಲು ಅದುರುತ್ತಲೇ ಇತ್ತು. ಮುಷ್ಟಿಯೊಳಗೆ ಯಾರೋ ಬೀಗದ ಕೈ ಗೊಂಚಲು ತುರುಕಿದ್ದರು. ಅವನ ತಾಯಿ 'ಫಿಟ್ಸ್ ಒಚ್ಚಿಂದಮ್ಮಾ' ಎಂದು ನನ್ನ ಸೀರೆ ಸೆರಗು ಹಿಡಿದು ನಿಂತರು. ನಮ್ಮ ಕೋಲಾರದ ಕಡೆ ಗಾಬರಿಯಾದರೆ ಬಾಯಿಗೆ ತೆಲುಗೇ ಬರುವುದು.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ, 'ಎಷ್ಟು ಹೊತ್ತಾಯ್ತು?' ಐದು ನಿಮಿಷ ದಾಟಿದ ಫಿಟ್ಸ್ ತಾನಾಗಿ ನಿಲ್ಲುತ್ತದೆ ಎಂದು ಕಾಯುವಂತಿಲ್ಲ. ಮಗ್ಗುಲಿಗೆ ಮಲಗಿಸಿ ಆಕ್ಸಿಜನ್ ಹಾಕಿದೆ. ಬೆರಳು ಚುಚ್ಚಿ ಶುಗರ್ ನೋಡಿದೆ, 104 ಇತ್ತು. ಶುಗರ್ ಇಳಿದು ಬಂದ ಫಿಟ್ಸ್‌ಗೆ ಗ್ಲೂಕೋಸೇ ಮದ್ದು. ಅದನ್ನು ನೋಡದೆ ಬೇರೆ ಇಂಜೆಕ್ಷನ್ ಹುಡುಕಿದರೆ ಹೊತ್ತು ಹಾಳು. ಡಾಕ್ಟರ್ ಹೇಳಿದಂತೆ, ಫಿಟ್ಸ್ ನಿಲ್ಲಿಸಲು ಮೊದಲು ಕೊಡುವ ಲೋರಾಜೆಪಾಮ್ 4 ಮಿಲಿಗ್ರಾಂ, ಎರಡು ನಿಮಿಷ ಹಿಡಿದು ನಿಧಾನವಾಗಿ ಕೊಟ್ಟೆ. ಅದು ಉಸಿರನ್ನೂ ತಗ್ಗಿಸಬಹುದು, ಹಾಗಾಗಿ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅದುರು ನಿಂತು, ಮತ್ತೆ ಶುರುವಾಯಿತು. ಡಾಕ್ಟರ್ 'ಫೆನಿಟಾಯಿನ್ ಲೋಡ್ ಮಾಡೋಣ' ಎಂದರು, ಅಂದರೆ ಫಿಟ್ಸ್ ತಡೆಯುವ ಆ ಔಷಧಿಯ ಶುರುವಿನ ದೊಡ್ಡ ಡೋಸ್.

ಈ ಔಷಧಿಯ ಬಗ್ಗೆ ನನಗೆ ಭಯ ಇದೆ. ಆ ಭಯ ಬಂದದ್ದು ಹೇಗೆಂದು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ನರ್ಸಿಂಗ್ ಹೋಂ. ಪೇಷೆಂಟ್‌ಗೆ ಆಗಲೇ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಡ್ರಿಪ್ ಓಡುತ್ತಿತ್ತು. ಸೀನಿಯರ್ ಒಬ್ಬರು 'ಅದೇ ಲೈನಲ್ಲಿ ಫೆನಿಟಾಯಿನ್ ಹಾಕು' ಎಂದರು. ನಾನು ಹಾಕಿದೆ. ಟ್ಯೂಬಿನೊಳಗೆ ನೀರಿನಂತಿದ್ದದ್ದು ಕಣ್ಣೆದುರಿಗೇ ಬೆಳ್ಳಗಾಯಿತು. ಅಕ್ಕಿ ತೊಳೆದ ನೀರಿನ ಹಾಗೆ ಒಂದು ಎಳೆ, ಅದರೊಳಗೆ ಸಣ್ಣ ಸಣ್ಣ ಹರಳು, ಮೆಲ್ಲಗೆ ಕೈ ಕಡೆ ಇಳಿಯುತ್ತಿತ್ತು. ಕ್ಲಾಂಪ್ ಒತ್ತಿ, ಸೆಟ್ ಪೂರ್ತಿ ಕಿತ್ತು ಬಿಸಾಡಿದೆ. ರಕ್ತಕ್ಕೆ ಸೇರುವ ಮೊದಲೇ ಸಿಕ್ಕಿತು. ಆ ರಾತ್ರಿ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ.

ಯಾಕೆ ಹಾಗಾಯಿತು ಎಂದು ಆಮೇಲೆ ಓದಿ ತಿಳಿದುಕೊಂಡೆ. ಫೆನಿಟಾಯಿನ್ ಬರೀ ನೀರಿನಲ್ಲಿ ಕರಗುವುದೇ ಇಲ್ಲ. ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಆಲ್ಕೋಹಾಲ್ ಹಾಕಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಅನ್ನು ಸುಮಾರು 12ಕ್ಕೆ ಏರಿಸಿರುತ್ತಾರೆ. ಅಂದರೆ ಹೆಚ್ಚುಕಡಿಮೆ ಸುಣ್ಣದ ತಿಳಿಯಷ್ಟು ಕ್ಷಾರ. ಡೆಕ್ಸ್‌ಟ್ರೋಸ್ ಸೇರಿದರೆ ಪಿಎಚ್ ಇಳಿಯುತ್ತದೆ, ಔಷಧಿ ಹರಳುಗಟ್ಟುತ್ತದೆ. ಆದ್ದರಿಂದ ಇದಕ್ಕೆ ನಾರ್ಮಲ್ ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್, ಒಂದೇ. ಬೇರೆ ಯಾವ ಔಷಧಿಯನ್ನೂ ಆ ಲೈನಿಗೆ ಸೇರಿಸಬಾರದು. ಮೊದಲು ಸಲೈನ್ ಫ್ಲಶ್ (ಲೈನ್ ತೊಳೆಯುವುದು), ಕೊನೆಗೆ ಸಲೈನ್ ಫ್ಲಶ್. ಸ್ನಾಯುವಿಗಂತೂ ಚುಚ್ಚಲೇಬಾರದು, ಅಲ್ಲೂ ಹರಳಾಗಿ ಕೂರುತ್ತದೆ.

ಅಷ್ಟು ಕ್ಷಾರದ ಔಷಧಿ ನರದ (ರಕ್ತನಾಳದ) ಹೊರಗೆ ಸೋರಿದರೆ ಏನಾಗುತ್ತದೆ ಯೋಚಿಸಿ. ಕೈ ಊದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಚರ್ಮ ಕೊಳೆಯಲೂಬಹುದು. ಹಾಗಾಗಿ ನಾನು ಅಂಗೈ ಹಿಂಭಾಗದ ಸಣ್ಣ ನರ ಮುಟ್ಟುವುದಿಲ್ಲ. ಮೊಣಕೈ ಕಡೆಯ ದಪ್ಪ ನರ ಹಿಡಿದು, ದೊಡ್ಡ ಕ್ಯಾನ್ಯುಲಾ (ನರದೊಳಗೆ ಕೂರುವ ಸಣ್ಣ ಕೊಳವೆ) ಹಾಕುತ್ತೇನೆ. 10 ಎಂಎಲ್ ಸಲೈನ್ ಬಿಟ್ಟು ಬೆರಳಿಟ್ಟು ನೋಡುತ್ತೇನೆ. ಊದಲಿಲ್ಲ ಎಂದರೆ ಮಾತ್ರ ಮುಂದೆ.

ಆ ಹುಡುಗನ ವಿಷಯಕ್ಕೆ ಬರೋಣ. ತೂಕ ಕೇಳಿದರೆ ತಾಯಿಗೆ ಗೊತ್ತಿಲ್ಲ. ಜೊತೆಗೆ ಬಂದವನು 'ಎರಡೂವರೆ ಕ್ರೇಟ್ ತೂಕ ಇರಬಹುದು' ಎಂದ. ನೋಡಿ 50 ಕೆಜಿ ಎಂದು ಹಿಡಿದೆವು. ಕೆಜಿಗೆ 20 ಮಿಲಿಗ್ರಾಂ, ಒಟ್ಟು 1000. ನಮ್ಮಲ್ಲಿ ಬರುವ ಆಂಪ್ಯೂಲ್ (ಒಡೆದು ತೆಗೆಯುವ ಸಣ್ಣ ಗಾಜಿನ ಸೀಸೆ) 2 ಎಂಎಲ್, ಅದರಲ್ಲಿ 100 ಮಿಲಿಗ್ರಾಂ. ಹತ್ತು ಆಂಪ್ಯೂಲ್. ಒಡೆದ ಹತ್ತನ್ನೂ ಟ್ರೇಯಲ್ಲಿ ಸಾಲಾಗಿ ಇಟ್ಟು, ಇನ್ನೊಬ್ಬ ಸಿಸ್ಟರ್ ಹತ್ತಿರ ಜೋರಾಗಿ ಎಣಿಸಿದೆ. ಈ ಎಣಿಕೆ ಇಬ್ಬರೂ ಮಾಡಲೇಬೇಕು. 100 ಎಂಎಲ್ ನಾರ್ಮಲ್ ಸಲೈನ್‌ಗೆ 20 ಎಂಎಲ್ ಔಷಧಿ ಸೇರಿ 120 ಆಯಿತು. ಜಾಸ್ತಿ ತೆಳುವಾದರೂ ಹರಳುಗಟ್ಟುತ್ತದೆ, ಒಂದು ಎಂಎಲ್‌ಗೆ 5 ಮಿಲಿಗ್ರಾಂಗಿಂತ ಕಡಿಮೆ ಆಗಬಾರದು. ನಮ್ಮದು 8 ಚಿಲ್ಲರೆ ಇತ್ತು. ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ತಿಳಿಯಾಗಿತ್ತು. ಬೆರೆಸಿದ ತಕ್ಷಣ ಶುರು ಮಾಡಬೇಕು, ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ. ಫಿಲ್ಟರ್ ಇದ್ದರೆ ಲೈನಿಗೆ ಹಾಕುತ್ತೇವೆ.

ಇನ್ನು ವೇಗ. ದೊಡ್ಡವರಿಗೆ ನಿಮಿಷಕ್ಕೆ 50 ಮಿಲಿಗ್ರಾಂ ಎನ್ನುವುದು ಗಡಿ. ಅದನ್ನು ದಾಟಿದರೆ ಬಿಪಿ ಕುಸಿಯಬಹುದು, ಹೃದಯದ ಬಡಿತ ತಾಳ ತಪ್ಪಬಹುದು, ನಿಂತೂ ಹೋಗಬಹುದು. ವಯಸ್ಸಾದವರಿಗೆ, ಹಾರ್ಟ್ ತೊಂದರೆ ಇರುವವರಿಗೆ ಇನ್ನೂ ನಿಧಾನ. ಇವನಿಗೆ ಅರ್ಧ ಗಂಟೆ ಎಂದು ಇಟ್ಟುಕೊಂಡೆವು. ನಿಮಿಷಕ್ಕೆ 4 ಎಂಎಲ್, ನಮ್ಮ ಸೆಟ್‌ನಲ್ಲಿ 80 ಹನಿ. ಬಾಟಲಿಗೆ ಪ್ಲಾಸ್ಟರ್ ಅಂಟಿಸಿ ಶುರುವಾದ ಗಂಟೆ ಬರೆದೆ. ಮಾನಿಟರ್ ಹಾಕಿ, ಗೋಡೆ ಗಡಿಯಾರದ ಕೆಳಗೆ ಸ್ಟೂಲ್ ಎಳೆದುಕೊಂಡು ಕೂತೆ. ಹನಿ ಬಿಡಿಸಿ ಬೇರೆ ಬೆಡ್‌ಗೆ ಹೋಗುವ ಅಭ್ಯಾಸ ಈ ಔಷಧಿಗೆ ಆಗಿಬರುವುದಿಲ್ಲ.

ಹತ್ತು ನಿಮಿಷಕ್ಕೆ ಅದುರು ಪೂರ್ತಿ ನಿಂತಿತು. ಹನ್ನೆರಡನೇ ನಿಮಿಷಕ್ಕೆ ಬಿಪಿ 118ರಿಂದ 86ಕ್ಕೆ ಇಳಿಯಿತು. ಕೈ ನಡುಗಿತು, ಆದರೂ ಮೊದಲು ಕ್ಲಾಂಪ್ ಮುಚ್ಚಿದೆ. ಡಾಕ್ಟರನ್ನು ಕೂಗಿದೆ. ಕಾಲು ಎತ್ತಿ, ಇನ್ನೊಂದು ಕೈಯಲ್ಲಿ ಸಲೈನ್ ಬಿಟ್ಟೆವು. ಸ್ವಲ್ಪ ಹೊತ್ತಿಗೆ 106 ಬಂತು. ಡಾಕ್ಟರ್ ಇಸಿಜಿ ನೋಡಿ ಸರಿ ಎಂದ ಮೇಲೆ ಅರ್ಧ ವೇಗ, 40 ಹನಿ. ಉಳಿದ 72 ಎಂಎಲ್ ಇಳಿಯಲು 36 ನಿಮಿಷ. ಅಷ್ಟೂ ಹೊತ್ತು ಎರಡೆರಡು ನಿಮಿಷಕ್ಕೆ ಬಿಪಿ ನೋಡಿದೆ.

ಈಗ ಫೆನಿಟಾಯಿನ್ ಬದಲು ಲೆವೆಟಿರಾಸೆಟಮ್ ಎಂಬ ಇಂಜೆಕ್ಷನ್ ಜಾಸ್ತಿ ಬಳಸುತ್ತಾರೆ. 2019ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಲೆವೆಟಿರಾಸೆಟಮ್, ಫಾಸ್ಫೆನಿಟಾಯಿನ್, ವಾಲ್‌ಪ್ರೋಯೇಟ್ ಮೂರು ಫಿಟ್ಸ್ ಔಷಧಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕೆಲಸ ಮಾಡಿದವು, ಸುಮಾರು ಅರ್ಧದಷ್ಟು ಜನರಲ್ಲಿ. ಲೆವೆಟಿರಾಸೆಟಮ್ ಕೊಡುವುದು ಸುಲಭ, ನರ ಸುಡುವುದಿಲ್ಲ. ಸ್ಟಾಕ್ ಇದ್ದರೆ ನನಗೂ ಅದೇ ಇಷ್ಟ. ಆದರೆ ಸಣ್ಣ ಊರಿನ ಆಸ್ಪತ್ರೆ ಕಪಾಟಿನಲ್ಲಿ ಖಂಡಿತ ಸಿಗುವುದು ಫೆನಿಟಾಯಿನೇ. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮಾತ್ರ ಇದ್ಯಾವುದೂ ಅಲ್ಲ, ಮೆಗ್ನೀಸಿಯಂ ಸಲ್ಫೇಟ್. ಕುಡಿತ ಬಿಟ್ಟದ್ದಕ್ಕೆ ಬಂದ ಫಿಟ್ಸ್‌ಗೂ ಫೆನಿಟಾಯಿನ್ ನಾಟುವುದಿಲ್ಲ. ಮನೆಯವರನ್ನು ಕೇಳಿ ತಿಳಿಯಬೇಕಾದದ್ದು ಇದನ್ನೇ.

ಬೆಳಗ್ಗೆ ಆರಕ್ಕೆ ಹುಡುಗ ಕಣ್ಣು ಬಿಟ್ಟು ನೀರು ಕೇಳಿದ. ಕೊಡುವ ಮೊದಲು ಎದ್ದು ಕೂರಿಸಿ ಒಂದು ಚಮಚ ನುಂಗಿಸಿ ನೋಡಿದೆ, ಕೆಮ್ಮಲಿಲ್ಲ. ಕ್ಯಾನ್ಯುಲಾ ಇದ್ದ ಕೈಯನ್ನು ಬೆಳಕಿಗೆ ತಿರುಗಿಸಿ ಒತ್ತಿ ನೋಡಿದೆ. ಊತ ಇಲ್ಲ, ಬಣ್ಣ ಸರಿ ಇತ್ತು. ತಾಯಿ ಬೀಗದ ಕೈ ಗೊಂಚಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, ರಾತ್ರಿ ಮಾತ್ರೆ ಎಷ್ಟು ಗಂಟೆಗೆ ಕೊಡಬೇಕು ಎಂದು ಕೇಳಿದರು. ಅವರ ಫೋನಿನಲ್ಲಿ ಒಂಬತ್ತಕ್ಕೆ ಅಲಾರಂ ಇಟ್ಟುಕೊಟ್ಟೆ.