ಬಿಸಿಲೂರಿನಲ್ಲಿ ಬೈಂಡರ್: ಅಳತೆ, ಆಯ್ಕೆ, ಟೇಲರ್ ಕೆಲಸ

ಬೈಂಡರ್ ಅಂದರೆ ಎದೆ ಚಪ್ಪಟೆಯಾಗಿ ಕಾಣಲೆಂದು ಟ್ರಾನ್ಸ್ ಗಂಡಸರು ಮತ್ತಿತರರು ಶರ್ಟಿನೊಳಗೆ ತೊಡುವ ಬಿಗಿ ಬನಿಯನ್. ಅದನ್ನು ಕೊಳ್ಳುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಎದೆ ಇನ್ನಷ್ಟು ಚಪ್ಪಟೆಯಾಗಲಿ ಎಂದು ಒಂದು ಸೈಜ್ ಚಿಕ್ಕದು ತರಿಸುತ್ತಾರೆ. ಚಿಕ್ಕದರಿಂದ ಎದೆ ಹೆಚ್ಚು ಚಪ್ಪಟೆಯಾಗುವುದಿಲ್ಲ. ಒತ್ತಿದ ಮಾಂಸ ಎಲ್ಲಿಗಾದರೂ ಹೋಗಲೇಬೇಕಲ್ಲ, ಕಂಕುಳ ಪಕ್ಕದಲ್ಲಿ, ಕೊರಳ ಕೆಳಗೆ ಉಬ್ಬಿ ನಿಂತು ಶರ್ಟಿನ ಮೇಲೂ ಕಾಣುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲಂತೂ ಆ ಬಿಗಿಯಲ್ಲಿ ಉಸಿರೂ ಕಷ್ಟ, ಚರ್ಮವೂ ಕೆಡುತ್ತದೆ. ಆದ್ದರಿಂದ ಮೊದಲು ಬೇಕಾದದ್ದು ಟೇಲರ್ ಟೇಪು.

ಅಳತೆಯನ್ನು ಬರಿ ಮೈಮೇಲೆ ಅಥವಾ ತೆಳು ಬನಿಯನ್ ಮೇಲೆ ತೆಗೆದುಕೊಳ್ಳಿ. ಕೈ ಕೆಳಗೆ ಇಳಿಬಿಟ್ಟು, ಸಹಜವಾಗಿ ಉಸಿರು ಬಿಟ್ಟ ಸ್ಥಿತಿಯಲ್ಲಿ, ಎದೆಯ ಅತಿ ತುಂಬಿದ ಭಾಗದ ಸುತ್ತ ಟೇಪು ಹಿಡಿಯಬೇಕು. ಬೆನ್ನ ಹಿಂದೆ ಟೇಪು ಕೆಳಗೆ ಜಾರಿದರೆ ಒಂದೆರಡು ಇಂಚು ತಪ್ಪು ಬರುತ್ತದೆ, ಹಾಗಾಗಿ ಕನ್ನಡಿಯಲ್ಲಿ ಅಡ್ಡ ನಿಂತು ನೋಡಿಕೊಳ್ಳಿ. ಎರಡನೆಯದು ಎದೆಯ ಬುಡ, ಅಂದರೆ ಎದೆ ಪಕ್ಕೆಲುಬಿಗೆ ಸೇರುವ ಮಡಿಕೆಯ ಸುತ್ತಳತೆ. ಮೂರನೆಯದು ಭುಜ: ಒಂದು ಭುಜದ ಮೂಳೆಯ ತುದಿಯಿಂದ ಇನ್ನೊಂದರ ತುದಿಗೆ ನೇರ ಅಡ್ಡ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಕಂಕುಳು ಯಾಕೆ ಕೊರೆಯುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಉದ್ದದ ಬೈಂಡರ್ ಬೇಕಿದ್ದರೆ ಭುಜದ ಮೇಲಿನಿಂದ ಸೊಂಟದವರೆಗಿನ ಅಳತೆಯೂ ಬೇಕು. ಮುಟ್ಟು ಆಗುತ್ತಿದ್ದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಎದೆ ಊದಿಕೊಳ್ಳಬಹುದು. ಆಗೊಮ್ಮೆ, ಬೇರೆ ದಿನ ಒಮ್ಮೆ ಅಳೆದು ದೊಡ್ಡ ಸಂಖ್ಯೆಯನ್ನೇ ಇಟ್ಟುಕೊಳ್ಳಿ.

ಸೈಜ್ ಚಾರ್ಟ್ ಒಂದೊಂದು ಕಂಪನಿಯದು ಒಂದೊಂದು ಥರ. ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್ ಆಗಿರುತ್ತದೆ. ಕೆಲವರು ತುಂಬಿದ ಎದೆಯ ಅಳತೆ ಮಾತ್ರ ಕೇಳುತ್ತಾರೆ, ಕೆಲವರು ಅದನ್ನೂ ಬುಡದ ಅಳತೆಯನ್ನೂ ಕೂಡಿಸಿ ಎರಡರಿಂದ ಭಾಗಿಸಲು ಹೇಳುತ್ತಾರೆ. 36 ಇಂಚು ಮತ್ತು 31 ಇಂಚು ಇದ್ದರೆ ಮೊದಲ ಲೆಕ್ಕದಲ್ಲಿ 36, ಎರಡನೆಯದರಲ್ಲಿ 33.5. ಚಾರ್ಟಿನ ಕೆಳಗಿನ ಸಣ್ಣ ಅಕ್ಷರ ಓದದೆ ಆರ್ಡರ್ ಮಾಡಿದರೆ ಇಲ್ಲೇ ಒಂದು ಸೈಜ್ ತಪ್ಪುತ್ತದೆ. ಸೆಂಟಿಮೀಟರ್ ಚಾರ್ಟ್ ಇದ್ದರೆ ಇಂಚನ್ನು 2.54ರಿಂದ ಗುಣಿಸಿ. ಎರಡು ಸೈಜ್ ನಡುವೆ ಬಿದ್ದರೆ ದೊಡ್ಡದೇ ತರಿಸಿ. ಎದೆ ಒಂದು ಸೈಜಿಗೆ, ಭುಜ ಇನ್ನೊಂದಕ್ಕೆ ಹೊಂದಿದರೂ ದೊಡ್ಡದೇ. ಭುಜ ಚಿಕ್ಕದು ಮಾಡುವುದು ಟೇಲರಿಗೆ ಸುಲಭ, ಎದೆ ದೊಡ್ಡದು ಮಾಡುವುದು ಕಷ್ಟ.

ಬಟ್ಟೆಯ ವಿಷಯ. ಒಳ್ಳೆಯ ಬೈಂಡರಿನ ಮುಂಭಾಗ ಹಿಗ್ಗುವುದಿಲ್ಲ ಅಥವಾ ಬಹಳ ಕಡಿಮೆ ಹಿಗ್ಗುತ್ತದೆ, ಬೆನ್ನಿನ ಕಡೆ ಹಿಗ್ಗುವ ನೈಲಾನ್-ಸ್ಪ್ಯಾಂಡೆಕ್ಸ್ (ಲೈಕ್ರಾ) ಇರುತ್ತದೆ. ಮುಂದಿನ ಬಟ್ಟೆ ಎದೆಯನ್ನು ಸಮನಾಗಿ ಒತ್ತಿ ಹಿಡಿದರೆ, ಹಿಂದಿನದು ಉಸಿರಿಗೆ ಜಾಗ ಬಿಡುತ್ತದೆ. ಸುತ್ತಲೂ ಒಂದೇ ಎಲಾಸ್ಟಿಕ್ ಬಟ್ಟೆ ಇರುವುದು ಅಗ್ಗ, ಆದರೆ ಒತ್ತಡವೆಲ್ಲ ಪಕ್ಕೆಲುಬಿನ ಮೇಲೆ. ಒಳಪದರ ಹತ್ತಿಯದಿದ್ದರೆ ನಮ್ಮ ಕಡೆಯ ಬೆವರಿಗೆ ಒಳ್ಳೆಯದು. ಗಿಡ್ಡ ಬೈಂಡರ್ ಪಕ್ಕೆಲುಬಿನ ಕೆಳಗೆ ನಿಲ್ಲುತ್ತದೆ, ಗಾಳಿಯಾಡುತ್ತದೆ, ಬೇಸಿಗೆಗೆ ಅದೇ ಲೇಸು. ಹೊಟ್ಟೆ ಇರುವವರಿಗೆ ಅದರ ಕೆಳ ಅಂಚು ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅಂಥವರು ಉದ್ದದ್ದು ತರಿಸಿ ಪ್ಯಾಂಟಿನೊಳಗೆ ಸೇರಿಸಬೇಕಾಗುತ್ತದೆ, ಸೆಕೆ ಹೆಚ್ಚು ಎಂಬುದು ಅದರ ಬೆಲೆ. ಆಸ್ತಮಾ ಇದ್ದವರು ತಲೆ ಮೇಲಿಂದ ಎಳೆದು ಹಾಕುವ ಮಾದರಿ ಬಿಟ್ಟು ಮುಂದೆ ಜಿಪ್ ಅಥವಾ ಪಕ್ಕದಲ್ಲಿ ಹುಕ್ ಇರುವುದನ್ನು ನೋಡಿ. ಉಸಿರು ಕಟ್ಟಿದಾಗ ಕೂಡಲೇ ಬಿಚ್ಚುವಂತಿರಬೇಕು. ಆಸ್ತಮಾ ಅಥವಾ ಬೆನ್ನುಮೂಳೆಯ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಮನೆಗೆ ಪಾರ್ಸೆಲ್ ಬಂದರೆ ಯಾರಾದರೂ ಬಿಚ್ಚಿ ನೋಡುತ್ತಾರೆ ಎಂಬ ಅಳುಕಿದ್ದರೆ ಗಂಡಸರಿಗೆಂದೇ ಮಾರುವ ‘ಗೈನೆಕೊಮಾಸ್ಟಿಯಾ ವೆಸ್ಟ್’ (ಎದೆ ಉಬ್ಬಿದ ಗಂಡಸರು ತೊಡುವ ಬಿಗಿ ಬನಿಯನ್) ಅಥವಾ ‘ಕಂಪ್ರೆಶನ್ ವೆಸ್ಟ್’ ಹುಡುಕಿ. ಬಿಲ್ಲಿನಲ್ಲಿ ಅಷ್ಟೇ ಬರೆದಿರುತ್ತದೆ. ಅವು ಗಂಡಸರ ಭುಜಕ್ಕೆ ಕತ್ತರಿಸಿದವು, ಆದ್ದರಿಂದ ಆರ್ಮ್‌ಹೋಲ್ ಅಗಲವಾಗಿ ಪಕ್ಕದ ಮಾಂಸ ಹೊರಬರಬಹುದು. ಎದೆ ಚಿಕ್ಕದಿರುವವರಿಗೆ ಇದೇ ಸಾಕು. ಕೊಳ್ಳುವ ಮುಂಚೆ ವಾಪಸ್ ನಿಯಮ ಓದಿಕೊಳ್ಳಿ. ಟ್ಯಾಗ್ ಕೀಳದೆ, ತೆಳು ಬನಿಯನ್ ಮೇಲೆಯೇ ಮೊದಲು ಹಾಕಿ ನೋಡಿ.

ಮೊದಲ ಸಲ ಹಾಕುವಾಗ ಮೈ ಒಣಗಿರಲಿ. ಸ್ನಾನ ಮುಗಿಸಿ ಹಸಿ ಮೈಮೇಲೆ ಎಳೆದರೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಬಿಚ್ಚಲೂ ಆಗದೆ ಒದ್ದಾಡಬೇಕಾಗುತ್ತದೆ. ತಲೆಯಿಂದ ಹಾಕಲು ಆಗದಿದ್ದರೆ ಬೈಂಡರನ್ನು ಒಳಹೊರಗು ಮಾಡಿ, ಭುಜದ ಪಟ್ಟಿಗಳು ಕೆಳಕ್ಕೆ ಬರುವಂತೆ ತಲೆಕೆಳಗಾಗಿ ಹಿಡಿದು, ಕಾಲಿನಿಂದ ಮೇಲಕ್ಕೆ ಎಳೆದುಕೊಳ್ಳಿ. ಕೆಳ ಅಂಚು ಪಕ್ಕೆಲುಬಿಗೆ ಬಂದ ಮೇಲೆ ಉಳಿದ ಭಾಗವನ್ನು ಮೇಲಕ್ಕೆ ಮಗುಚಿ ಕೈ ತೂರಿಸಿದರೆ ಬಟ್ಟೆ ಸರಿಯಾದ ಮಗ್ಗುಲಿಗೆ ಬರುತ್ತದೆ. ನಂತರ ಒಳಗೆ ಕೈ ಹಾಕಿ ಎದೆಯನ್ನು ಒಂದೊಂದಾಗಿ ಕೆಳಕ್ಕೂ ಪಕ್ಕಕ್ಕೂ ಸರಿಸಿ. ಮೇಲಕ್ಕೆ, ನಡುವಿಗೆ ತಳ್ಳಿದರೆ ಮಧ್ಯೆ ಒಂದೇ ದಿಬ್ಬ ಕಾಣುತ್ತದೆ. ಎಷ್ಟೋ ಸಲ ಸೈಜ್ ಸರಿ ಇದ್ದೂ ‘ಇದು ಕೆಲಸ ಮಾಡ್ತಿಲ್ಲ’ ಅನ್ನಿಸುವುದು ಇದರಿಂದಲೇ.

ಈಗ ಪರೀಕ್ಷೆ. ಆಳವಾಗಿ ಉಸಿರೆಳೆದು ಕೆಮ್ಮಿ. ಕೈ ಎರಡೂ ಮೇಲೆತ್ತಿ, ಬಗ್ಗಿ ಚಪ್ಪಲಿ ಮುಟ್ಟಿ, ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ನೋಡಿ. ಅಂಚಿನ ಕೆಳಗೆ ಎರಡು ಬೆರಳು ಹೋಗಬೇಕು. ಬಿಗಿ ಅನ್ನಿಸಬಹುದು, ನೋವಾಗಬಾರದು. ಉಸಿರು ಅರ್ಧಕ್ಕೇ ನಿಂತರೆ, ಬೆರಳು ಜುಮ್ಮೆಂದರೆ ಅದು ನಿಮ್ಮ ಸೈಜ್ ಅಲ್ಲ. ಹಾಕಿ ಹಾಕಿ ಸಡಿಲಾಗುತ್ತದೆ ಎಂದು ಕಾಯಬೇಡಿ.

ಆದರೆ ಕಂಕುಳು ಕೊರೆಯುವುದು, ಭುಜದ ಪಟ್ಟಿ ಜಾರುವುದು ರಿಪೇರಿಯಾಗುವ ದೋಷಗಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳಿಗೆ ಬರವಿಲ್ಲ, ಆದರೆ ಜೀನ್ಸ್ ಮಷೀನಿಗೇ ಇದನ್ನು ಕೊಟ್ಟರೆ ಕೆಟ್ಟಿತು. ಡೆನಿಮ್‌ಗೆ ಹಾಕುವ 16 ಅಥವಾ 18ನೇ ನಂಬರಿನ ಚೂಪು ಸೂಜಿ ಲೈಕ್ರಾ ಎಳೆ ಕತ್ತರಿಸಿ ಸಾಲು ತೂತು ಬೀಳಿಸುತ್ತದೆ, ನೇರ ಹೊಲಿಗೆ ಎಳೆದಾಗ ಪಟಪಟ ಕಿತ್ತು ಬರುತ್ತದೆ. 11ನೇ ನಂಬರಿನ ಬಾಲ್ ಪಾಯಿಂಟ್ ಸೂಜಿ, ಜಿಗ್‌ಜಾಗ್ ಹೊಲಿಗೆ ಎಂದು ಹೇಳಿ. ಜಿಮ್ ಬಟ್ಟೆ, ಟಿ-ಶರ್ಟ್ ಹೊಲಿಯುವವರು ಸಿಕ್ಕರೆ ಹೆಚ್ಚು ವಿವರಿಸಬೇಕಿಲ್ಲ, ‘ಜಿಮ್ ಬನಿಯನ್’ ಅಂದರೆ ಸಾಕು. ಆರ್ಮ್‌ಹೋಲ್ ಅಂಚಿಗೆ ಮೆತ್ತನೆಯ ಹೊಸೈರಿ ಪಟ್ಟಿ ಕೊಡಿಸಬಹುದು. ಪಟ್ಟಿ ಜಾರುತ್ತಿದ್ದರೆ ಭುಜದ ಮೇಲೆ ಅರ್ಧ ಇಂಚು ಹಿಡಿಸಬಹುದು. ಸ್ವಲ್ಪವೇ ಬಿಗಿ ಇದ್ದರೆ ಎರಡೂ ಪಕ್ಕಕ್ಕೆ ಒಂದೊಂದು ಇಂಚಿನ ಹಿಗ್ಗುವ ಪಟ್ಟಿ ಸೇರಿಸಬಹುದು. ಪಕ್ಕ ಹಿಡಿಸಿ ಇನ್ನೂ ಬಿಗಿ ಮಾಡಿಸುವುದು ಮಾತ್ರ ಬೇಡ.

ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವುದು ಅಗ್ಗದ ದಾರಿಯಂತೆ ಕಾಣುತ್ತದೆ. ಅದು ಉಸಿರಿನ ಜೊತೆ ಸಡಿಲಾಗುವುದಿಲ್ಲ, ಓಡಾಡಿದಂತೆಲ್ಲ ಇನ್ನಷ್ಟು ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟು. ದುಪಟ್ಟಾ, ಸೀರೆ ತುಂಡು, ಪ್ಯಾಕಿಂಗ್ ಟೇಪು ಯಾವುದನ್ನೂ ಸುತ್ತಬೇಡಿ. ಬೈಂಡರ್ ಮೇಲೆ ಇನ್ನೊಂದು ಬೈಂಡರೂ ಬೇಡ. ಎದೆಗೆ ಅಂಟಿಸುವ ಹತ್ತಿಯ ಟೇಪು ಬೇರೆ ವಿಧಾನ: ಮೊಲೆತೊಟ್ಟು ಮುಚ್ಚಿ, ಪಕ್ಕಕ್ಕೆ ಎಳೆದು ಅಂಟಿಸಬೇಕು, ಬೆನ್ನ ಸುತ್ತ ಎಂದೂ ಸುತ್ತಬಾರದು. ಹಿಂದಿನ ದಿನ ಸಣ್ಣ ತುಂಡು ಅಂಟಿಸಿ ಅಲರ್ಜಿ ನೋಡಿ. ಬಿಡಿಸುವಾಗ ಕೊಬ್ಬರಿ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಿ. ರಾಯಚೂರಿನ ಮೇ ಬೆವರಿಗೆ ಅದು ಬೇಗ ಏಳುತ್ತದೆ, ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಹೊಸ ಬೈಂಡರನ್ನು ಮೊದಲ ದಿನಗಳಲ್ಲಿ ಎರಡರಿಂದ ನಾಲ್ಕು ಗಂಟೆ ಹಾಕಿ ಅಭ್ಯಾಸ ಮಾಡಿ. ಆಮೇಲೂ ದಿನಕ್ಕೆ 8 ಗಂಟೆಯೇ ಮೇಲ್ಮಿತಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ 8 ಗಂಟೆಯ ಪಾಳಿ ಮಾಡುವವರಿಗೆ ಬಸ್ಸಿನ ಹೊತ್ತು ಸೇರಿ ಈ ಲೆಕ್ಕ ಮೀರುತ್ತದೆ. ಹೋಗಿ ಬರುವಾಗ ಸ್ಪೋರ್ಟ್ಸ್ ಬ್ರಾ ಮತ್ತು ಸಡಿಲ ಶರ್ಟಿನಲ್ಲಿರಿ. ಗಂಗಾವತಿ, ಸಿಂಧನೂರಿನ ಗದ್ದೆಯಲ್ಲಿ ನಾಟಿ, ಮೂಟೆ ಹೊರುವ ಕೆಲಸ, ಕ್ರಿಕೆಟ್, ಜಿಮ್ ಇವಕ್ಕೂ ಅದೇ ಉಡುಪು. ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಮುಂಚೆ ಬಿಚ್ಚಿಡಿ, ಹಾಕಿಕೊಂಡು ಮಲಗಬಾರದು. 2017ರಲ್ಲಿ ಪ್ರಕಟವಾದ 1,800 ಜನರ ಸಮೀಕ್ಷೆಯಲ್ಲಿ ಶೇ. 97ರಷ್ಟು ಜನ ಬೈಂಡಿಂಗ್‌ನಿಂದ ಕನಿಷ್ಠ ಒಂದು ತೊಂದರೆ ಹೇಳಿಕೊಂಡಿದ್ದರು, ವಾರದಲ್ಲಿ ಹೆಚ್ಚು ದಿನ ಹಾಕಿದಷ್ಟೂ ತೊಂದರೆ ಹೆಚ್ಚು ಕಂಡಿತ್ತು. ವಾರಕ್ಕೊಂದು ದಿನವಾದರೂ ರಜೆ ಕೊಡಿ.

ಬೆವರುಸಾಲೆ ಎದ್ದರೆ ಅದು ಮಾಯುವವರೆಗೆ ಬೈಂಡರ್ ನಿಲ್ಲಿಸಿ. ಕಂಕುಳಲ್ಲಿ, ಎದೆಯ ಮಡಿಕೆಯಲ್ಲಿ ಉಂಗುರದಂತೆ ಕೆಂಪಾಗಿ ತುರಿಸಿದರೆ ಅದು ಹುಳುಕಡ್ಡಿ ಇರಬಹುದು. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮು ಎರಡು ದಿನ ತುರಿಕೆ ನಿಲ್ಲಿಸಿ ಆಮೇಲೆ ಹರಡಿಸುತ್ತದೆ, ಚರ್ಮದ ಡಾಕ್ಟರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು ಬಿಚ್ಚಿದ ಮೇಲೂ ಎರಡು ದಿನ ಉಳಿದರೆ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್ ಥರದ ಸರ್ಕಾರಿ ಆಸ್ಪತ್ರೆಯ ಓಪಿಡಿಗೆ ಹೋಗಿ. ಎಲ್ಲ ಹೇಳಲು ಮನಸ್ಸಿಲ್ಲದಿದ್ದರೆ ‘ಬಿಗಿ ಕಂಪ್ರೆಶನ್ ವೆಸ್ಟ್ ಹಾಕ್ತೀನ್ರಿ, ದಿನಕ್ಕೆ ಇಷ್ಟು ತಾಸು’ ಎಂದರೂ ಡಾಕ್ಟರಿಗೆ ಬೇಕಾದ ಮಾಹಿತಿ ಸಿಗುತ್ತದೆ.

ಎರಡು ಬೈಂಡರ್ ಇದ್ದರೆ ದಿನ ಬಿಟ್ಟು ದಿನ ಒಗೆಯಬಹುದು. ತಣ್ಣೀರು, ಸೌಮ್ಯ ಸೋಪು, ಕೈಯಲ್ಲೇ. ಬ್ಲೀಚ್ ಬೇಡ, ಹಿಂಡಬೇಡಿ, ಇಸ್ತ್ರಿ ಮುಟ್ಟಿಸಬೇಡಿ. ಬೋರ್ ನೀರು ಗಡಸಾಗಿದ್ದರೆ ಸೋಪು ಬಟ್ಟೆಯಲ್ಲೇ ಉಳಿದು ಮೈ ಕೆರೆಯುತ್ತದೆ, ಒಂದು ಸಲ ಹೆಚ್ಚೇ ಜಾಲಿಸಿ. ಮಾಳಿಗೆಯ ಬಿಸಿಲಿನಲ್ಲಿ ಅರ್ಧ ಗಂಟೆಗೆ ಒಣಗುತ್ತದೆ ನಿಜ, ಆದರೆ ಆ ಬಿಸಿಲು ಸ್ಪ್ಯಾಂಡೆಕ್ಸನ್ನು ಬೇಗ ಸಾಯಿಸುತ್ತದೆ. ನೆರಳಲ್ಲಿ, ಟವೆಲ್ ಮೇಲೆ ಹರಡಿ ಒಣಗಿಸಿ. ಬಟ್ಟೆ ಸೋತು ಹಿಡಿತ ಬಿಟ್ಟಾಗ ಮತ್ತೆ ಟೇಪು ಹಿಡಿದು ಅಳೆದು, ಆಗ ಬಂದ ಸೈಜನ್ನೇ ತರಿಸಿ.