ಆಟೋಫೇಜಿಯಲ್ಲಿ ಸರ್ಟ್‌1 ಕೈವಾಡ: ಪರೀಕ್ಷಿಸುವುದು ಹೇಗೆ?

ಹಸಿದ ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನೇ ಒಡೆದು ಬಳಸಿಕೊಳ್ಳುತ್ತದೆ. ಇದೇ ಆಟೋಫೇಜಿ. ಹೊಟ್ಟೆ ತುಂಬಿದ ಕೋಶದಲ್ಲಿ ಎಲ್‌ಸಿ3 ಎಂಬ ಪ್ರೋಟೀನಿಗೆ ಅಸಿಟೈಲ್ ಗುಂಪು ಅಂಟಿಕೊಂಡಿರುತ್ತದೆ. ಅದರ ಬಹುಪಾಲು ನ್ಯೂಕ್ಲಿಯಸ್ಸಿನಲ್ಲೇ ಉಳಿಯುತ್ತದೆ. ಹಸಿವಾದಾಗ ಸರ್ಟ್‌1 ಕಿಣ್ವ ಆ ಗುಂಪನ್ನು ಕಿತ್ತುಹಾಕುತ್ತದೆ. ಆಗ ಎಲ್‌ಸಿ3 ಹೊರಬಂದು ಕೆಲಸಕ್ಕೆ ಇಳಿಯುತ್ತದೆ. ಇದನ್ನು ಲ್ಯಾಬಿನಲ್ಲಿ ನೋಡಲು ಹೊರಟ ಪ್ರಾಜೆಕ್ಟ್ ವಿದ್ಯಾರ್ಥಿಗಳು ಮೂರನೇ ಹಂತದಲ್ಲಿ ಎಡವುವುದೇ ಜಾಸ್ತಿ.

1. ಕೋಶ ಬೆಳೆಸಿದ ಅರ್ಧ ಡಿಶ್‌ಗಳಿಗೆ ಮಾಮೂಲಿ ಮೀಡಿಯಂ (ಪೋಷಕ ದ್ರವ), ಉಳಿದರ್ಧಕ್ಕೆ ಇಬಿಎಸ್ಎಸ್ (ಕೋಶವನ್ನು ಹಸಿವಿಗೆ ದೂಡುವ, ಅಮೈನೊ ಆಮ್ಲವಿಲ್ಲದ ಉಪ್ಪಿನ ದ್ರಾವಣ) ಹಾಕಿ 2 ಗಂಟೆ ಇಡಿ.

2. ಇದೇ ಜೋಡಿಯ ಇನ್ನೊಂದು ಸೆಟ್‌ಗೆ ಮೊದಲೇ ಇಎಕ್ಸ್-527 ಎಂಬ ಔಷಧಿ ಕೊಟ್ಟು ಸರ್ಟ್‌1 ತಡೆಯಿರಿ. ಫ್ರಿಜ್ಜಿನಲ್ಲಿ ಟಿಎಸ್ಎ (ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುವ ಇನ್ನೊಂದು ಔಷಧಿ) ಇದೆ, ಅದೇ ಸಾಕಲ್ವಾ ಅನ್ನುತ್ತಾರೆ. ಸಾಲದು. ಅದು ತಡೆಯುವುದು ಸತುವನ್ನು ನೆಚ್ಚಿದ ಕಿಣ್ವಗಳನ್ನು. ಸರ್ಟ್‌1ಗೆ ಬೇಕಾದದ್ದು ಎನ್ಎಡಿ ಎಂಬ ಸಹಾಯಕ ಅಣು. ಸರ್ಟ್‌1 ಏರಿಸಲು ರೆಸ್ವೆರಟ್ರಾಲ್ ಕೂಡ ಬೇಡ. ಅದು ಕೋಶದಲ್ಲಿ ಬೇರೆ ಹತ್ತಾರು ಕಡೆ ಕೈಹಾಕುತ್ತದೆ.

3. ಪ್ರತಿ ಸ್ಥಿತಿಗೂ ಎರಡು ಡಿಶ್ ಇರಲೇಬೇಕು: ಒಂದಕ್ಕೆ 100 ನ್ಯಾನೊಮೋಲಾರ್ ಬಾಫಿಲೋಮೈಸಿನ್, ಇನ್ನೊಂದಕ್ಕೆ ಅದನ್ನು ಕರಗಿಸಿದ ದ್ರಾವಕ ಮಾತ್ರ. ಇದನ್ನು ಬಿಟ್ಟರೆ ಇಡೀ ಪ್ರಯೋಗ ವ್ಯರ್ಥ. ಬ್ಲಾಟಿನಲ್ಲಿ (ಪ್ರೋಟೀನುಗಳನ್ನು ಬೇರ್ಪಡಿಸಿ, ಪೊರೆಯ ಹಾಳೆಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಎಲ್‌ಸಿ3 ಎರಡು ಗೆರೆಯಾಗಿ ಕಾಣುತ್ತದೆ. ಕೆಳಗಿನದು ಎಲ್‌ಸಿ3-2, ಅಂದರೆ ಕೊಬ್ಬು ಸೇರಿಕೊಂಡು ಕೋಶದೊಳಗಿನ ಆಟೋಫೇಜಿ ಚೀಲದ ಪೊರೆಗೆ ಅಂಟಿದ್ದು. ಅದು ದಪ್ಪಗಾದ ಕೂಡಲೇ ‘ಆಟೋಫೇಜಿ ಹೆಚ್ಚಾಯಿತು’ ಅಂತ ಬರೆದುಬಿಡುತ್ತಾರೆ. ಬೀದಿ ತುದಿಯಲ್ಲಿ ಕಸದ ರಾಶಿ ಬೆಳೆದಿದ್ದರೆ ಜಾಸ್ತಿ ಗುಡಿಸಿರಬಹುದು, ಇಲ್ಲವೇ ಕಸದ ಗಾಡಿಯೇ ಬಂದಿಲ್ಲದಿರಬಹುದು. ಇಲ್ಲೂ ಹಾಗೆಯೇ: ಕೋಶದ ಕಸ ಒಡೆಯುವ ಚೀಲವಾದ ಲೈಸೊಸೋಮ್ ಕೆಲಸ ನಿಲ್ಲಿಸಿದರೂ ಆ ಗೆರೆ ದಪ್ಪಗಾಗುತ್ತದೆ. ಬಾಫಿಲೋಮೈಸಿನ್ ಲೈಸೊಸೋಮನ್ನು ಬೇಕೆಂದೇ ನಿಲ್ಲಿಸುತ್ತದೆ. ಅದು ಇದ್ದಾಗ ಸಿಕ್ಕ ಅಳತೆಯಿಂದ ಇಲ್ಲದಾಗಿನದನ್ನು ಕಳೆಯಿರಿ. ಉಳಿಯುವುದೇ ನಿಜವಾದ ಹರಿವು. ಉಪವಾಸದಲ್ಲಿ ಈ ವ್ಯತ್ಯಾಸ ಏರಿ, ಇಎಕ್ಸ್-527 ಕೊಟ್ಟಾಗ ಕುಗ್ಗಿದರೆ ಸರ್ಟ್‌1 ಕೈವಾಡವಿದೆ ಎನ್ನಲು ಆಧಾರ ಸಿಕ್ಕಿತು. ಅಳತೆಯನ್ನು ಆಕ್ಟಿನ್ (ಎಲ್ಲ ಡಿಶ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿರುವ ಪ್ರೋಟೀನ್) ಜೊತೆ ಹೋಲಿಸಿ, ಮೇಲಿನ ಗೆರೆಯ ಜೊತೆ ಬೇಡ. ಆಂಟಿಬಾಡಿ ಎರಡೂ ಗೆರೆಗಳನ್ನು ಒಂದೇ ಬಲದಿಂದ ಹಿಡಿಯುವುದಿಲ್ಲ.

4. ಬ್ಲಾಟಿಗೆ 0.2 ಮೈಕ್ರಾನ್ ರಂಧ್ರಗಳ ಪಿವಿಡಿಎಫ್ (ಒಂದು ಬಗೆಯ ಪ್ಲಾಸ್ಟಿಕ್) ಪೊರೆಯನ್ನೇ ಬಳಸಿ. 0.45ರದ್ದು ಕೈಗೆ ಸಿಕ್ಕಿತೆಂದು ಹಾಕಿದರೆ ಇಷ್ಟು ಪುಟ್ಟ ಪ್ರೋಟೀನ್ ತೂರಿ ಆಚೆ ಹೋಗಿಬಿಡಬಹುದು.

5. ಔಷಧಿಯೊಂದನ್ನೇ ನಂಬಬೇಡಿ. ಎಸ್ಐಆರ್‌ಎನ್ಎಯಿಂದ (ಆಯ್ದ ಪ್ರೋಟೀನ್ ತಯಾರಾಗದಂತೆ ತಡೆಯುವ ಪುಟ್ಟ ಆರ್‌ಎನ್ಎ) ಸರ್ಟ್‌1 ತಗ್ಗಿಸಿಯೂ ಇದೇ ಲೆಕ್ಕ ಹಾಕಿ.