ಹಡಗು ಹತ್ತುವ ಮುಂಚೆ ಏಳಂಕಿ ಕೇಳಿ

ಮರ್ಚೆಂಟ್ ನೇವಿಗೆ ಹೊರಟಿರೋ ಹುಡುಗರಿಗೊಂದು ಮಾತು. ಏಜೆಂಟ್ ಹಡಗಿನ ಹೆಸರು ಹೇಳಿದರೆ ಸಾಲದು, ಐಎಂಒ ನಂಬರ್ ಕೇಳಿ, ಅಂದರೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಹೆಸರಿನ, ಹಡಗನ್ನು ಗುರುತಿಸುವ ಏಳಂಕಿಯ ಸಂಖ್ಯೆ. ಹೆಸರು, ಬಾವುಟ (ಅಂದರೆ ಹಡಗು ನೋಂದಣಿಯಾದ ದೇಶ), ಮಾಲೀಕ ಎಲ್ಲ ಬದಲಾಗಬಹುದು. ಈ ಏಳಂಕಿ ಮಾತ್ರ ಹಡಗು ಗುಜರಿ ಸೇರುವವರೆಗೂ ಅದೇ.

2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ಎವರ್ ಗಿವನ್ ನೆನಪಿದೆಯಾ? ಮಾಲೀಕರು ಜಪಾನಿನವರು, ನಡೆಸುತ್ತಿದ್ದದ್ದು ತೈವಾನ್ ಕಂಪನಿ, ಬಾವುಟ ಪನಾಮಾದ್ದು, ಸಿಬ್ಬಂದಿ ನಮ್ಮ ಭಾರತೀಯರು! ಅದರ ನಂಬರ್ 9811000.

ನಂಬರ್ ಸರಿಯಿದೆಯಾ ಅಂತ ಕಾಗದದ ಮೇಲೇ ನೋಡಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ. ಇಲ್ಲಿ 63+48+5+4+0+0, ಅಂದರೆ 120. ಮೊತ್ತದ ಕೊನೆಯ ಅಂಕಿ 0, ಏಳನೇ ಅಂಕಿಯೂ 0. ತಾಳೆಯಾಗದಿದ್ದರೆ ನಂಬರೇ ತಪ್ಪು. ತಾಳೆಯಾದ ಮಾತ್ರಕ್ಕೆ ನಂಬಿಬಿಡಬೇಡಿ, ಬೇರೆ ಹಡಗಿನದ್ದನ್ನು ಕೊಟ್ಟಿರಲೂಬಹುದು. ಹಡಗುಗಳ ಮಾಹಿತಿ ಕೊಡುವ ಈಕ್ವಾಸಿಸ್ (Equasis) ಜಾಲತಾಣದಲ್ಲಿ ಪುಕ್ಕಟೆ ಖಾತೆ ತೆರೆದು ನಂಬರ್ ಹಾಕಿ ನೋಡಿ. ಈಗಿನ ಹೆಸರು, ಬಾವುಟ, ಬಂದರು ತಪಾಸಣೆಯಲ್ಲಿ ಹಡಗನ್ನು ತಡೆಹಿಡಿದಿದ್ದರೆ ಅದೂ ಸಿಗುತ್ತದೆ.

ಕೆಲವರು ಎಂಎಂಎಸ್‌ಐ, ಅಂದರೆ ಹಡಗಿನ ರೇಡಿಯೊವನ್ನು ಗುರುತಿಸುವ ಒಂಬತ್ತಂಕಿ ನಂಬರ್ ಕೊಟ್ಟು ಸಾಗಹಾಕುತ್ತಾರೆ. ಬಾವುಟ ಬದಲಾದರೆ ಅದೂ ಬದಲು. 419ರಿಂದ ಶುರುವಾದರೆ ಭಾರತದ ಹಡಗು, ಅಷ್ಟಕ್ಕೆ ಮಾತ್ರ ಅದು ಉಪಯೋಗ.